ಮತಗಟ್ಟೆಗೆ ಯಾವ ಕಾರ್ಡ್ ಒಯ್ಯಲಿ? ಕರಾವಳಿಯ ಮತದಾರರಿಗೊಂದು ಹೋಲಿಕೆ

ಚುನಾವಣೆ ಹತ್ತಿರ ಬಂತೆಂದರೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ನಮೂನೆಯ ಪ್ರಶ್ನೆಗಳು. "ವೋಟರ್ ಐಡಿ ಕಾಣ್ತಾ ಇಲ್ಲ, ಆಧಾರ್ ಸಾಕಲ್ವಾ?" "ಲೈಸೆನ್ಸ್ ಡಿಜಿಲಾಕರಲ್ಲಿ ಉಂಟು, ಮೊಬೈಲ್ ತೋರಿಸಿದ್ರೆ ಬಿಡ್ತಾರಾ?" "ಅಣ್ಣ ದುಬೈಯಿಂದ ಬರ್ತಾನೆ, ಅವನಿಗೆ ಏನು ಬೇಕು?" ಉತ್ತರ ಕೊಡುವವರಿಗೇನೂ ಬರ ಇಲ್ಲ, ಆದರೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಮಲ್ಪೆಯ ಮೀನುಗಾರನಿಗೆ, ಮಣಿಪಾಲದ ಹಾಸ್ಟೆಲ್ ಹುಡುಗಿಗೆ, ಮುಂಬೈಯಿಂದ ರಾತ್ರಿ ಬಸ್ಸಿನಲ್ಲಿ ಬರುವ ಚಿಕ್ಕಪ್ಪನಿಗೆ ಬೇರೆ ಬೇರೆ ಕಾರ್ಡ್ ಅನುಕೂಲ. ಹಾಗಾಗಿ ಒಂದೊಂದನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಪಟ್ಟಿ, ಆಮೇಲೆ ಕಾರ್ಡ್

ವೋಟು ಹಾಕುವ ಹಕ್ಕು ಬರುವುದು ಮತದಾರರ ಪಟ್ಟಿಯಲ್ಲಿ ಹೆಸರು ಇರುವುದರಿಂದ. ಕಾರ್ಡಿನಿಂದ ಅಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಹೊಳೆಯುವ ವೋಟರ್ ಐಡಿ ಕೈಯಲ್ಲಿದ್ದರೂ ವಾಪಸ್ ಬರಬೇಕು. ಹೆಸರಿದ್ದರೆ ವೋಟರ್ ಐಡಿ ಇಲ್ಲದೆಯೂ ಮತ ಹಾಕಬಹುದು. 1950ಕ್ಕೆ ಫೋನ್ ಮಾಡಿ ಅಥವಾ ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಹುಡುಕಿ ಹೆಸರು ನೋಡಿಕೊಳ್ಳಿ. ನೋಡುವಾಗ ಭಾಗದ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಟ್ಟಿಯಲ್ಲಿ ನಿಮ್ಮ ಹೆಸರು ಹೇಗೆ ಬರೆದಿದೆ ಅನ್ನುವುದನ್ನೂ ಗಮನಿಸಿ. ಮುಂದಿನ ಹೋಲಿಕೆಗೆ ಬೇಕಾಗುವುದು ಅದೇ.

ಹೆಸರು ಇಲ್ಲವೆಂದು ಮತದಾನದ ವಾರದಲ್ಲಿ ಗೊತ್ತಾದರೆ ಏನೂ ಮಾಡಲಿಕ್ಕಾಗದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಯ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ.

ಯಾವುದರಿಂದ ಅಳೆಯುವುದು?

ಮತಗಟ್ಟೆಯ ಸಿಬ್ಬಂದಿ ಬೇರೆ ಕ್ಷೇತ್ರದಿಂದ ಬಂದವರು. ನಿಮ್ಮ ಪರಿಚಯ ಅವರಿಗಿಲ್ಲ. ಮೊದಲನೇ ಅಧಿಕಾರಿ ಪಟ್ಟಿಯ ಪ್ರತಿ ಇಟ್ಟುಕೊಂಡು ನಿಮ್ಮ ಹೆಸರು ಗಟ್ಟಿಯಾಗಿ ಓದುತ್ತಾರೆ, ಪಕ್ಷಗಳ ಏಜೆಂಟರು ಕೇಳಿಸಿಕೊಳ್ಳುತ್ತಾರೆ. ಅವರು ನೋಡುವುದು ಇಷ್ಟೇ: ಪಟ್ಟಿಯ ಹೆಸರು, ಕಾರ್ಡಿನ ಹೆಸರು, ಕಾರ್ಡಿನ ಫೋಟೋ, ಎದುರು ನಿಂತ ಮುಖ. ವಿಳಾಸ ಹೊಂದಬೇಕೆಂದಿಲ್ಲ. ಆಧಾರಿನಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ವಿಳಾಸವಿದ್ದರೂ ಕಾರ್ಕಳದ ಬೂತಿನಲ್ಲಿ ತೊಂದರೆ ಇಲ್ಲ.

ಹಾಗಾಗಿ ಕಾರ್ಡನ್ನು ಅಳೆಯಬೇಕಾದ್ದು ನಾಲ್ಕು ಮಾತಿನಿಂದ. ಚುನಾವಣಾ ಆಯೋಗ ಒಪ್ಪುವ ದಾಖಲೆಗಳ ಪಟ್ಟಿಯಲ್ಲಿ ಅದು ಉಂಟಾ? ಮೂಲ ಕಾರ್ಡ್ ನಿಮ್ಮ ಕೈಯಲ್ಲಿ ಉಂಟಾ? ಫೋಟೋ ಈಗಿನ ಮುಖದ ಹಾಗಿದೆಯಾ, ಹೆಸರು ಪಟ್ಟಿಯ ಹಾಗಿದೆಯಾ? ಅವತ್ತು ಗಡಿಬಿಡಿಯಲ್ಲಿ ಕಳೆದುಹೋದರೆ ಮತ್ತೆ ಮಾಡಿಸಲು ಎಷ್ಟು ಖರ್ಚು, ಎಷ್ಟು ತಲೆನೋವು? ನನ್ನ ಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಜನ ಅದನ್ನೇ ಮರೆಯುವುದು.

ವೋಟರ್ ಐಡಿ: ಇದ್ದರೆ ಇದೇ ಮೊದಲು

ಟಿ. ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ ಶುರುವಾದ ಕಾರ್ಡ್ ಇದು. ಅಧಿಕಾರಿಗಳ ಬಾಯಲ್ಲಿ ಎಪಿಕ್. ಪಟ್ಟಿಯಿಂದಲೇ ಹುಟ್ಟಿದ್ದರಿಂದ ಹೆಸರು ಹೊಂದುವ ಸಾಧ್ಯತೆ ಇದರಲ್ಲೇ ಜಾಸ್ತಿ. ಕನ್ನಡದಲ್ಲೂ ಹೆಸರಿರುತ್ತದೆ. ಒಂದೆರಡು ಅಕ್ಷರ ತಪ್ಪಿದ್ದರೆ ಹೆದರಬೇಡಿ. ಗುರುತು ಸಿಗುವಷ್ಟಿದ್ದರೆ ಸಣ್ಣ ಮುದ್ರಣದೋಷಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಆಯೋಗವೇ ಹೇಳಿದೆ. "ಶೆಟ್ಟಿ" ಹೋಗಿ "ಶಟ್ಟಿ" ಆಗಿದ್ದಕ್ಕೆ ಯಾರನ್ನೂ ವಾಪಸ್ ಕಳಿಸುವಂತಿಲ್ಲ.

ಬೇರೆ ಊರಿನಲ್ಲಿ ಕೊಟ್ಟ ಎಪಿಕ್ ಕೂಡ ನಡೆಯುತ್ತದೆ. ಮುಂಬೈಯಲ್ಲಿ ಮಾಡಿಸಿದ ಕಾರ್ಡ್ ಹಿಡಿದು ಕಾಪುವಿನ ಮತಗಟ್ಟೆಗೆ ಬಂದರೂ ಸರಿ, ಕಾಪುವಿನ ಪಟ್ಟಿಯಲ್ಲಿ ಹೆಸರಿದ್ದರೆ ಆಯಿತು.

ಇದರ ಸೋಲು ಫೋಟೋದಲ್ಲಿ. ಹಳೆಯ ಕಪ್ಪು ಬಿಳುಪಿನ ಕಾರ್ಡುಗಳಲ್ಲಿ ಗಂಡ ಯಾರು, ಹೆಂಡತಿ ಯಾರು ಎಂದು ಮನೆಯವರೇ ಯೋಚಿಸಬೇಕು. ಫೋಟೋ ನೋಡಿ ಗುರುತು ಹಿಡಿಯಲು ಆಗದಿದ್ದರೆ ಬೇರೆ ದಾಖಲೆ ತೋರಿಸಬೇಕಾಗುತ್ತದೆ. ಅಂಥ ಕಾರ್ಡ್ ಇರುವವರು ಜೊತೆಗೆ ಇನ್ನೊಂದನ್ನು ಕಿಸೆಯಲ್ಲಿ ಇಟ್ಟುಕೊಳ್ಳಿ. ಚುನಾವಣೆ ದೂರ ಇದ್ದರೆ ನಮೂನೆ 8 ತುಂಬಿ ಫೋಟೋ ಬದಲಾಯಿಸಿ. ತಿದ್ದುಪಡಿ, ವಿಳಾಸ ಬದಲಾವಣೆ, ಕಳೆದ ಕಾರ್ಡಿಗೆ ಬದಲಿ, ಎಲ್ಲಕ್ಕೂ 2022ರ ಆಗಸ್ಟಿನಿಂದ ಅದೊಂದೇ ನಮೂನೆ.

ಕಾರ್ಡ್ ಕಳೆದಿದೆ, ಸಮಯವೂ ಇಲ್ಲ ಅನ್ನುವವರಿಗೆ ಇ-ಎಪಿಕ್ ಇದೆ. 2021ರ ಜನವರಿ 25ರಂದು ಬಂದದ್ದು. ಪಟ್ಟಿಯಲ್ಲಿ ನಿಮ್ಮ ಮೊಬೈಲ್ ನಂಬರ್ ಸೇರಿದ್ದರೆ ಒಟಿಪಿ ಹಾಕಿ ಪಿಡಿಎಫ್ ಇಳಿಸಿಕೊಳ್ಳಬಹುದು. ದುಡ್ಡಿಲ್ಲ. ಅದನ್ನು ಸೈಬರ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಳ್ಳಿ. ಪ್ರಿಂಟ್ ಯಾಕೆ ಬೇಕು ಅನ್ನುವುದು ಮುಂದೆ ಬರುತ್ತದೆ.

ಆಧಾರ್: ಹೆಚ್ಚಿನವರ ಎರಡನೇ ಕಾರ್ಡ್

2024ರ ಲೋಕಸಭಾ ಚುನಾವಣೆಗೆ ಎಪಿಕ್ ಬದಲಿಗೆ ತೋರಿಸಬಹುದಾದ 12 ದಾಖಲೆಗಳನ್ನು ಆಯೋಗ ಹೆಸರಿಸಿತ್ತು. ಅದರಲ್ಲಿ ಮೊದಲನೆಯದೇ ಆಧಾರ್. ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೆಸರಿರುವುದು ಇದರ ದೊಡ್ಡ ಅನುಕೂಲ. ಕಳೆದರೂ ಚಿಂತೆ ಕಡಿಮೆ. ಇ-ಆಧಾರ್ ಇಳಿಸಿ ಪ್ರಿಂಟ್ ತೆಗೆದರೆ ಕೆಲವು ರೂಪಾಯಿಯಲ್ಲಿ ಕೆಲಸ ಮುಗಿಯಿತು. ಅಂಚೆಯಲ್ಲಿ ಬಂದ ಪತ್ರ, ಪಿವಿಸಿ ಕಾರ್ಡ್, ಇ-ಆಧಾರ್ ಎಲ್ಲಕ್ಕೂ ಒಂದೇ ಮಾನ್ಯತೆ ಎಂದು ಆಧಾರ್ ಪ್ರಾಧಿಕಾರ ಹೇಳುತ್ತದೆ.

ಫೋಟೋದ ಬಗ್ಗೆ ಮಾತಾಡದಿರುವುದೇ ಒಳ್ಳೆಯದು. ಆಧಾರ್ ಫೋಟೋದಲ್ಲಿ ಚಂದ ಕಂಡವರನ್ನು ನಾನಂತೂ ನೋಡಿಲ್ಲ. ಆದರೂ ಮುಖ ಗುರುತು ಸಿಗುತ್ತದೆ, ಅಷ್ಟು ಸಾಕು. ಚಿಕ್ಕಂದಿನಲ್ಲಿ ಮಾಡಿಸಿ ಆಮೇಲೆ ನವೀಕರಿಸದ ಹುಡುಗ ಹುಡುಗಿಯರು ಮಾತ್ರ ಎಚ್ಚರ. ಹತ್ತು ವರ್ಷದ ಮಗುವಿನ ಮುಖ ತೋರಿಸಿ ಹದಿನೆಂಟರ ಮತ ಕೇಳುವುದು ಕಷ್ಟ.

ಎರಡು ಅನುಮಾನಗಳನ್ನು ಇಲ್ಲೇ ಬಗೆಹರಿಸೋಣ. ಪಟ್ಟಿಗೆ ಆಧಾರ್ ಜೋಡಿಸದಿದ್ದರೆ ವೋಟಿಲ್ಲ ಅನ್ನುವುದು ಸುಳ್ಳು. ಆಧಾರ್ ಜೋಡಿಸುವ ನಮೂನೆ 6ಬಿ ಕೊಡುವುದು ನಿಮ್ಮ ಇಷ್ಟ. ಆಧಾರ್ ತೋರಿಸಿದರೆ ನಂಬರ್ ಪೂರ್ತಿ ಬರೆದುಕೊಳ್ಳುತ್ತಾರೆ ಅನ್ನುವ ಭಯವೂ ಬೇಡ. ಬದಲಿ ದಾಖಲೆ ತಂದವರ ದಾಖಲೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ರಿಜಿಸ್ಟರಿನಲ್ಲಿ ಬರೆಯುವುದು. ಬೆರಳಚ್ಚು ಯಂತ್ರವೂ ಅಲ್ಲಿಲ್ಲ.

ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್

ಮೂರೂ ಆಯೋಗದ ಪಟ್ಟಿಯಲ್ಲಿವೆ. ಲೈಸೆನ್ಸ್ ಪರ್ಸಿನಲ್ಲೇ ಇರುವುದರಿಂದ ಮನೆಯಲ್ಲಿ ಮರೆಯುವ ಪ್ರಮೇಯ ಕಡಿಮೆ. ಕಾಲೇಜಿನಲ್ಲಿರುವಾಗ ಮಾಡಿಸಿದ್ದಾದರೆ ಫೋಟೋ ಹಳತು, ಅದೊಂದೇ ತೊಂದರೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲ, ಆದರೆ ಇಲ್ಲಿ ವಿಳಾಸ ಯಾರಿಗೂ ಬೇಡ. ಕಳೆದರೆ ಸುಮಾರು 50 ರೂಪಾಯಿಗೆ ಮರುಮುದ್ರಣ ಸಿಗುತ್ತದೆ.

ಇವುಗಳ ಹೆಸರಿನ ಸಮಸ್ಯೆ ನಮ್ಮ ಕಡೆಯವರಿಗೆ ಸ್ವಲ್ಪ ಜಾಸ್ತಿ. ಪ್ಯಾನ್, ಪಾಸ್‌ಪೋರ್ಟಿನಲ್ಲಿ ಹೆಸರು ಕನ್ನಡದಲ್ಲಿ ಇರುವುದಿಲ್ಲ. ನಮ್ಮ ಪಟ್ಟಿ ಇರುವುದು ಕನ್ನಡದಲ್ಲಿ. ಡಿಸೋಜ, ಡಿಸೋಝಾ, ಡಿಸೋಜಾ, ಇಂಗ್ಲಿಷಿನಲ್ಲಿ ಒಂದು, ಕನ್ನಡದಲ್ಲಿ ಮೂರು. ಬ್ಯಾರಿ ಹೆಸರುಗಳದ್ದೂ ಅದೇ ಪಾಡು. ಪ್ಯಾನಿನಲ್ಲಿ ಇನಿಶಿಯಲ್ ಬಿಡಿಸಿ ಮೂರು ಪದ, ಪಟ್ಟಿಯಲ್ಲಿ "ಕೆ. ಸದಾನಂದ" ಅಂತ ಎರಡೇ ಪದ. ಸದಾಶಿವ ಪೂಜಾರಿ ಪಟ್ಟಿಯಲ್ಲಿ ಬರೀ ಸದಾಶಿವ. ಇದರಿಂದ ಮತ ತಪ್ಪುತ್ತದೆ ಅಂತಲ್ಲ. ಹಿಂದೆ ಉದ್ದ ಸಾಲು ಇರುವಾಗ ಅಧಿಕಾರಿ ಎರಡೆರಡು ಸಲ ನೋಡಬೇಕಾಗುತ್ತದೆ, ಏಜೆಂಟ್ ಕತ್ತು ಉದ್ದ ಮಾಡುತ್ತಾನೆ. ಆಧಾರ್ ಮತ್ತು ಪ್ಯಾನ್ ಎರಡೂ ಇದ್ದರೆ ಆಧಾರ್ ಒಯ್ಯಿರಿ ಎನ್ನಲು ಕಾರಣ ಇದು.

ಪಾಸ್‌ಪೋರ್ಟ್ ಗಟ್ಟಿ ದಾಖಲೆ ನಿಜ. ಆದರೆ ಕಳೆದರೆ ಪೊಲೀಸ್ ದೂರು, ಮತ್ತೆ ಅರ್ಜಿ, 36 ಪುಟದ್ದಕ್ಕೇ 3,000 ರೂಪಾಯಿ ಶುಲ್ಕ. ಬೇರೆ ಕಾರ್ಡ್ ಇರುವವರು ಸುಮ್ನೆ ಅದನ್ನು ಮತಗಟ್ಟೆಯ ನೂಕುನುಗ್ಗಲಿಗೆ ಒಯ್ಯುವುದು ಯಾಕೆ? ಅದು ಬೇಕೇ ಬೇಕಾದವರು ಬೇರೆ ಇದ್ದಾರೆ.

ಗಲ್ಫಿನಿಂದ ಬರುವವರು

ವಿದೇಶದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳು ನಮೂನೆ 6ಎ ಮೂಲಕ ಹೆಸರು ಸೇರಿಸಿದ್ದರೆ ಅವರಿಗೆ ಆಯ್ಕೆಯೇ ಇಲ್ಲ. ಮೂಲ ಪಾಸ್‌ಪೋರ್ಟ್, ಅದೊಂದೇ. 2011ರಿಂದ ಇರುವ ವ್ಯವಸ್ಥೆ ಇದು. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರುತ್ತದೆ. ಇವರಿಗೆ ಎಪಿಕ್ ಕೊಡುವುದಿಲ್ಲ. ಆಧಾರ್ ತೋರಿಸುತ್ತೇನೆ, ಪಾಸ್‌ಪೋರ್ಟಿನ ಜೆರಾಕ್ಸ್ ಉಂಟು ಅಂದರೆ ನಡೆಯುವುದಿಲ್ಲ. ಈಗಿನ ನಿಯಮದಲ್ಲಿ ಅಲ್ಲಿಂದಲೇ ಮತ ಹಾಕುವ ದಾರಿಯೂ ಇಲ್ಲ, ಊರಿಗೆ ಬರಲೇಬೇಕು.

ಅಣ್ಣನ ಪಾಸ್‌ಪೋರ್ಟ್ ವೀಸಾ ಕೆಲಸಕ್ಕೆಂದು ಮಂಗಳೂರಿನ ಯಾವುದಾದರೂ ಟ್ರಾವೆಲ್ ಏಜೆನ್ಸಿಗೆ ಕೊಟ್ಟಿದ್ದರೆ ಮತದಾನದ ದಿನಕ್ಕೆ ಮೊದಲು ವಾಪಸ್ ತರಿಸಿ. ಬೇರೆ ದೇಶದ ಪೌರತ್ವ ಪಡೆದವರಿಗೆ ಮತದಾನವಿಲ್ಲ, ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ.

ಪಾಸ್‌ಬುಕ್ ಮತ್ತು ನಮ್ಮ ಕರಾವಳಿಯ ಕಾರ್ಡುಗಳು

ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ ನಡೆಯುತ್ತದೆ, ಆದರೆ ಫೋಟೋ ಇರಲೇಬೇಕು. ನಮ್ಮ ಜಿಲ್ಲೆಗಳಲ್ಲಿ ಬ್ಯಾಂಕ್ ಪಾಸ್‌ಬುಕ್ಕಿಗೆ ಇನ್ನೊಂದು ಕತೆ ಇದೆ. ಇಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಹೋಯಿತು. ಅಜ್ಜಿಯ ಪೆಟ್ಟಿಗೆಯಲ್ಲಿ ಇನ್ನೂ ಹಳೆ ಹೆಸರಿನ ಪಾಸ್‌ಬುಕ್ ಇದ್ದರೆ ಒಮ್ಮೆ ಶಾಖೆಗೆ ಹೋಗಿ ಹೊಸ ಪುಸ್ತಕಕ್ಕೆ ಫೋಟೋ ಅಂಟಿಸಿ ಸೀಲ್ ಹಾಕಿಸಿಕೊಳ್ಳಿ. ಆಯೋಗದ ಪಟ್ಟಿಯಲ್ಲಿರುವುದು ಬ್ಯಾಂಕ್ ಮತ್ತು ಅಂಚೆ ಕಚೇರಿ. ಊರಿನ ಸೊಸೈಟಿಯ ಪಿಗ್ಮಿ ಪುಸ್ತಕವನ್ನು ನಂಬಿ ಹೋಗಬೇಡಿ.

ಪಟ್ಟಿಯಲ್ಲಿರುವ ಒಂದು ಕಾರ್ಡನ್ನು ಒಳನಾಡಿನವರು ಕಂಡಿರುವುದೇ ಕಡಿಮೆ, ನಮ್ಮ ಕಡಲ ಬದಿಯ ಮನೆಗಳಲ್ಲಿ ಸಿಗಬಹುದು. ರಾಷ್ಟ್ರೀಯ ಜನಸಂಖ್ಯಾ ನೋಂದಣಿಯಡಿ ಭಾರತದ ರಿಜಿಸ್ಟ್ರಾರ್ ಜನರಲ್ ಕೊಟ್ಟ ಸ್ಮಾರ್ಟ್ ಕಾರ್ಡ್ ಅದು. 2008ರ ಮುಂಬೈ ದಾಳಿಯ ನಂತರ ಕರಾವಳಿಯ ಹಳ್ಳಿಗಳಲ್ಲಿ ಹದಿನೆಂಟು ದಾಟಿದವರಿಗೆ ಇಂಥ ಕಾರ್ಡ್ ಮಾಡಿಕೊಟ್ಟರು. ಇದ್ದರೆ ಧೈರ್ಯವಾಗಿ ತೋರಿಸಿ. ಮೀನುಗಾರರಿಗೆ ಸಮುದ್ರಕ್ಕೆ ಹೋಗಲು ಕೊಟ್ಟ ಗುರುತಿನ ಕಾರ್ಡ್ ಬೇರೆ, ಅದು ಈ ಪಟ್ಟಿಯಲ್ಲಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ ಬಂದವು ಎಂದು ಗೊಂದಲ ಆಗುವುದು ಸಹಜ. ಕೊಟ್ಟವರು ಯಾರು ಎಂದು ಕಾರ್ಡಿನ ಮೇಲೆ ಓದಿ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್, ಕೇಂದ್ರ ಕಾರ್ಮಿಕ ಸಚಿವಾಲಯದ ಯೋಜನೆಯ ಆರೋಗ್ಯ ವಿಮೆ ಸ್ಮಾರ್ಟ್ ಕಾರ್ಡ್, ಸರ್ಕಾರಿ ನೌಕರರ ಮತ್ತು ಎಂಆರ್‌ಪಿಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ, ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಫೋಟೋ ಸಹಿತ ಗುರುತಿನ ಚೀಟಿ, ಇವೆಲ್ಲ ಆಗುತ್ತವೆ. ಸಂಸದ, ಶಾಸಕರ ಕಾರ್ಡ್ ಕೂಡ. ಅದು ಇದ್ದವರಿಗೆ ನನ್ನ ಸಲಹೆ ಬೇಡ.

ಆಗದವು

ರೇಷನ್ ಕಾರ್ಡ್ ಆಗುವುದಿಲ್ಲ. ಎಲ್ಲ ಸರ್ಕಾರಿ ಕೆಲಸಕ್ಕೂ ಅದನ್ನೇ ಒಯ್ದು ಅಭ್ಯಾಸವಾದ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ. ಕಾಲೇಜಿನ ಐಡಿ, ಬೀಡಿ ಕಾರ್ಮಿಕರ ಗುರುತಿನ ಚೀಟಿ, ಅಂಗಡಿ ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿಯ ಬ್ಯಾಡ್ಜ್ ಆಗುವುದಿಲ್ಲ.

ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ತಂದುಕೊಡುವ ಮತದಾರರ ಮಾಹಿತಿ ಚೀಟಿಯೂ ಗುರುತಿಗೆ ಆಗುವುದಿಲ್ಲ. ಮೊದಲು ಫೋಟೋ ಇರುವ ಚೀಟಿಯೊಂದೇ ಸಾಕಾಗುತ್ತಿತ್ತು, 2019ರಿಂದ ಅದು ನಿಂತಿದೆ. ಆದರೂ ಚೀಟಿ ಬಿಸಾಡಬೇಡಿ. ಭಾಗ, ಕ್ರಮ ಸಂಖ್ಯೆ, ಬೂತ್, ದಿನಾಂಕ ಎಲ್ಲ ಅದರಲ್ಲಿದೆ. ದಿನಾಂಕ ಸಣ್ಣ ವಿಷಯವಲ್ಲ. 2024ರಲ್ಲಿ ಉಡುಪಿ, ಕಾಪು, ಕುಂದಾಪುರ, ಕಾರ್ಕಳದವರು ಏಪ್ರಿಲ್ 26ಕ್ಕೆ ಮತ ಹಾಕಿದರು. ಅದೇ ಜಿಲ್ಲೆಯ ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದರಿಂದ ಅಲ್ಲಿ ಮೇ 7ಕ್ಕೆ. ಚೀಟಿ ಕೈಗೆ ಬಾರದಿದ್ದರೆ ಮತಗಟ್ಟೆಯ ಹೊರಗೆ ಪಟ್ಟಿ ಹಿಡಿದು ಕೂತಿರುವ ಬಿಎಲ್‌ಒ ಹುಡುಕಿಕೊಡುತ್ತಾರೆ.

ಮೊಬೈಲ್ ತೋರಿಸಿದರೆ?

ಡಿಜಿಲಾಕರ್, ಎಂ-ಆಧಾರ್, ಇ-ಎಪಿಕ್ ಎಲ್ಲ ಮೊಬೈಲಿನಲ್ಲಿ ಇದ್ದರೂ ಮೊಬೈಲೇ ಒಳಗೆ ಹೋಗುವುದಿಲ್ಲ. ಮತಗಟ್ಟೆಯೊಳಗೆ ಅದಕ್ಕೆ ನಿಷೇಧ ಇದೆ. 2025ರ ಮೇಯಲ್ಲಿ ಆಯೋಗ ಸ್ವಲ್ಪ ಸಡಿಲ ಮಾಡಿತು. ಸ್ವಿಚ್ ಆಫ್ ಮಾಡಿದ ಫೋನನ್ನು ಬಾಗಿಲ ಹತ್ತಿರ ಗೂಡಿನಲ್ಲೋ ಸೆಣಬಿನ ಚೀಲದಲ್ಲೋ ಇಟ್ಟು ಒಳಗೆ ಹೋಗಬಹುದು. ಇಡಲು ಜಾಗ ಸಿಕ್ಕಿತು ಅಷ್ಟೇ, ತೋರಿಸಲು ಅನುಮತಿ ಸಿಗಲಿಲ್ಲ. ಡಿಜಿಲಾಕರ್ ತೋರಿಸಲು ಬಿಡಬೇಕು ಎಂದು 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟಿಗೆ ಹೋದ ಅರ್ಜಿಯೂ ವಜಾ ಆಯಿತು. ಯುಪಿಐ ಇದೆ, ಪರ್ಸ್ ಯಾಕೆ ಎಂದು ಬರಿಗೈಯಲ್ಲಿ ತಿರುಗುವ ಹುಡುಗರು ಅವತ್ತೊಂದು ದಿನ ಕಾರ್ಡ್ ಹುಡುಕಿ ತೆಗೆಯಬೇಕು.

ಯಾರಿಗೆ ಯಾವುದು

ಮದುವೆಯಾಗಿ ಬಂದವರು ಹೆಸರಿನ ಮೇಲೆ ಕಣ್ಣಿಡಿ. ಪಟ್ಟಿಯಲ್ಲಿ ತಂದೆಯ ಹೆಸರಿನ ಜೊತೆ ಹಳೇ ಹೆಸರು, ಆಧಾರಿನಲ್ಲಿ ಗಂಡನ ಮನೆತನದ ಹೆಸರು ಎಂದಾದರೆ ಮದುವೆಗೆ ಮೊದಲಿನ ಎಪಿಕ್ ಅಥವಾ ಪ್ಯಾನ್ ಹೆಚ್ಚು ಹೊಂದುತ್ತದೆ. ಆಧಾರ್ ಒಳ್ಳೆಯದು ಎಂದು ಮೇಲೆ ಹೇಳಿದೆನಲ್ಲ, ಅದು ಇವರಿಗೆ ಅನ್ವಯಿಸದು. ಪಟ್ಟಿಗೆ ಹತ್ತಿರ ಇರುವ ಕಾರ್ಡೇ ಒಳ್ಳೆಯ ಕಾರ್ಡ್. ಬಿಡುವಾದಾಗ ನಮೂನೆ 8 ಕೊಟ್ಟು ಹೆಸರು, ವಿಳಾಸ ಎರಡನ್ನೂ ಸರಿ ಮಾಡಿಸಿ. ಬುರ್ಖಾ ಧರಿಸುವವರು ಮುಖ ತೋರಿಸಲು ಮಹಿಳಾ ಸಿಬ್ಬಂದಿಯನ್ನು ಕೇಳಬಹುದು.

ಮುಂಬೈ, ಬೆಂಗಳೂರಿನಲ್ಲಿದ್ದು ಮತ ಹಾಕಲು ಊರಿಗೆ ಬರುವವರು ಒಂದಲ್ಲ, ಎರಡು ದಾಖಲೆ ತನ್ನಿ. ಮನೆಗೆ ಬಂದಾಗ ನೀವು ಸಿಗದಿದ್ದರೆ ಬಿಎಲ್‌ಒ ನಿಮ್ಮನ್ನು ಗೈರು, ಸ್ಥಳಾಂತರ, ಮೃತರ ಪಟ್ಟಿಯಲ್ಲಿ ಗುರುತು ಮಾಡಿರಬಹುದು. ಆ ಪಟ್ಟಿಯಲ್ಲಿದ್ದರೂ ಮತ ಹಾಕಬಹುದು. ಆದರೆ ತಪಾಸಣೆ ಬಿಗಿ, ಸಹಿಯ ಜೊತೆ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುತ್ತಾರೆ. ಎಪಿಕ್ ಮತ್ತು ಆಧಾರ್ ಒಟ್ಟಿಗೆ ಇದ್ದರೆ ಮಾತು ಬೆಳೆಯುವುದಿಲ್ಲ. ಅಲ್ಲೂ ಇಲ್ಲೂ ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಮಾತ್ರ ಕಾನೂನಿಗೆ ವಿರುದ್ಧ. ಯಾವ ಊರು ಎಂದು ನೀವೇ ತೀರ್ಮಾನಿಸಿ ಒಂದನ್ನು ತೆಗೆಸಿ.

ವಿದ್ಯಾರ್ಥಿಗಳಿಗೆ ಆಧಾರ್ ಸಾಕು, ಇ-ಎಪಿಕ್ ಪ್ರಿಂಟ್ ಇದ್ದರೆ ಇನ್ನೂ ಚಂದ. ಹಿರಿಯರಿಗೆ ಎಪಿಕ್ ಹಳತಾದರೆ ಆಧಾರ್, ಅದರ ಹೆಸರೂ ಹೊಂದದಿದ್ದರೆ ಫೋಟೋ ಇರುವ ಪಿಂಚಣಿ ದಾಖಲೆ. 85 ದಾಟಿದವರು ಮತ್ತು ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ನಮೂನೆ 12ಡಿ ಕೊಟ್ಟರೆ ಮನೆಯಲ್ಲೇ ಮತ ಹಾಕಬಹುದು. ಆದರೆ ಅರ್ಜಿಗೆ ಗಡುವು ಇದೆ, ಚುನಾವಣೆಯ ಅಧಿಸೂಚನೆ ಹೊರಟು ಐದು ದಿನದೊಳಗೆ ಕೊಡಬೇಕು.

ತಕರಾರು ಬಂದರೆ

ಏಜೆಂಟ್ ಒಬ್ಬ "ಇವರು ಅವರಲ್ಲ" ಎಂದು ಆಕ್ಷೇಪ ಎತ್ತಬಹುದು. ಅದಕ್ಕೆ ಅವನು 2 ರೂಪಾಯಿ ಕಟ್ಟಬೇಕು, ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನ ಹೇಳುತ್ತಾರೆ. ಎರಡನೇ ಕಾರ್ಡ್ ಉಪಯೋಗಕ್ಕೆ ಬರುವುದು ಆಗ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿ ಹೋಗಿದ್ದರೆ ಸುಮ್ನೆ ವಾಪಸ್ ಬರಬೇಡಿ. ಗುರುತು ಸಾಬೀತು ಮಾಡಿ ಟೆಂಡರ್ಡ್ ವೋಟ್ ಕೇಳಿ. ಮೆಷಿನ್ ಅಲ್ಲ, ಕಾಗದದ ಮತಪತ್ರ ಕೊಡುತ್ತಾರೆ, ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಕಾರ್ಡೇ ಮರೆತು ಬಂದಿದ್ದರೆ ಮನೆಗೆ ಹೋಗಿ ತನ್ನಿ. ಮುಗಿಯುವ ಹೊತ್ತಿಗೆ ಸಾಲಿನಲ್ಲಿ ಇದ್ದವರಿಗೆಲ್ಲ ಚೀಟಿ ಕೊಟ್ಟು ಮತ ಹಾಕಲು ಬಿಡುತ್ತಾರೆ.

ಇಷ್ಟೂ ವಿಧಾನಸಭೆ, ಲೋಕಸಭೆ ಚುನಾವಣೆಯ ಮಾತು. ಮಂಗಳೂರು ಮಹಾನಗರ ಪಾಲಿಕೆ, ಗ್ರಾಮ ಪಂಚಾಯತ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ದಾಖಲೆಗಳ ಆದೇಶವನ್ನು ಅದು ಬೇರೆಯಾಗಿ ಹೊರಡಿಸುತ್ತದೆ, ಆ ಸಲದ ಪಟ್ಟಿ ನೋಡಿಕೊಂಡು ಹೊರಡಿ.